‘ವೇರ್’ ಇದ್ದರೂ ಅದು ಡಿಕ್ಲರೇಟಿವ್ ಸೆಂಟೆನ್ಸ್ ಹೇಗೆ?

‘ಐ ಡೋಂಟ್ ನೋ ವೇರ್ ಹಿ ಲಿವ್ಸ್’ ಅನ್ನೋದನ್ನ ಕೀ ಆನ್ಸರ್‌ನಲ್ಲಿ ಡಿಕ್ಲರೇಟಿವ್ ಅಂತ ಕೊಟ್ಟಿದ್ದಾರೆ, ‘ವೇರ್’ ಇದ್ದ ಮೇಲೆ ಪ್ರಶ್ನೆ ಆಗಬೇಕಲ್ವಾ ಅಂತ ಕೇಳಿದ್ದೀರಿ. ಕೀ ಆನ್ಸರ್ ಸರಿಯಾಗಿಯೇ ಇದೆ. ನಾನು ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳಿಕೊಡುತ್ತೇನೆ. ಪರೀಕ್ಷೆ ಹತ್ತಿರ ಬಂದರೆ ಈ ಗೊಂದಲ ಬಂದೇ ಬರುತ್ತದೆ.

ಡಿಕ್ಲರೇಟಿವ್ ಅಂದರೆ ಒಂದು ವಿಷಯ ಹೇಳುವ ವಾಕ್ಯ. ಹೇಳಿದ್ದು ನಿಜ ಆಗಿರಲೇಬೇಕು ಅಂತೇನೂ ಇಲ್ಲ. ‘ಮೈಸೂರ್ ಯೂನಿವರ್ಸಿಟಿ ವಾಸ್ ಫೌಂಡೆಡ್ ಇನ್ 1916’ ನಿಜ. ‘ಮಂಡ್ಯ ಈಸ್ ಆನ್ ದಿ ಸೀಶೋರ್’ ಶುದ್ಧ ಸುಳ್ಳು. ಎರಡೂ ಡಿಕ್ಲರೇಟಿವ್. ‘ನಾಟ್’ ಸೇರಿದರೂ ಅಷ್ಟೇ. ನೆಗೆಟಿವ್ ವಾಕ್ಯ ಬೇರೆಯದೇ ಜಾತಿ ಅಂತ ಎಷ್ಟೋ ಮಕ್ಕಳು ತಿಳಿದುಕೊಂಡಿರುತ್ತಾರೆ, ಹಾಗಲ್ಲ.

ಗುರುತಿಸಲು ಮುಖ್ಯ ಭಾಗದಲ್ಲಿ ಯಾವುದು ಮುಂದಿದೆ ನೋಡಿ. ನಿಮ್ಮ ವಾಕ್ಯದಲ್ಲಿ ‘ಐ’ ಮೊದಲು, ‘ಡೋಂಟ್ ನೋ’ ಆಮೇಲೆ. ಸಬ್ಜೆಕ್ಟ್ ಮುಂದೆ, ವರ್ಬ್ ಹಿಂದೆ. ಅದಕ್ಕೇ ಡಿಕ್ಲರೇಟಿವ್. ‘ಡೂ ಯು ನೋ ವೇರ್ ಹಿ ಲಿವ್ಸ್?’ ಅಂದರೆ ‘ಡೂ’ ಮುಂದೆ ಬಂತು, ಪ್ರಶ್ನೆ ಆಯ್ತು. ಎರಡರಲ್ಲೂ ‘ವೇರ್ ಹಿ ಲಿವ್ಸ್’ ಒಂದೇ ಥರ ಇದೆ, ಗಮನಿಸಿದಿರಾ? ಒಳಗೆ ಕೂತಿರುವ ಆ ತುಂಡು ವಾಕ್ಯದ ಜಾತಿಯನ್ನು ತೀರ್ಮಾನ ಮಾಡೋದಿಲ್ಲ. ಅಲ್ಲಿ ‘ವೇರ್ ಡಸ್ ಹಿ ಲಿವ್’ ಅಂತ ಬರೆದರೆ ತಪ್ಪು. ಮಾರ್ಕ್ಸ್ ಹೋಗೋದು ಹೆಚ್ಚಾಗಿ ಇಲ್ಲೇ.

ನಿಜ ಹೇಳಬೇಕೆಂದರೆ, ನಮಗೆ ಗುರುತಿಸೋದಕ್ಕಿಂತ ಬರೆಯೋದೇ ಜಾಸ್ತಿ ಕಷ್ಟ. ಕನ್ನಡದಲ್ಲಿ ಸಬ್ಜೆಕ್ಟನ್ನೂ ಬಿಡಬಹುದು, ವರ್ಬನ್ನೂ ಬಿಡಬಹುದು. ‘ಊಟ ಆಯ್ತಾ?’ ಅಂದರೆ ‘ಆಯ್ತು’ ಅಂತೀವಿ, ಮುಗೀತು. ‘ಇವರು ನಮ್ಮ ಸೋದರಮಾವ’ ಅನ್ನೋದರಲ್ಲಿ ವರ್ಬೇ ಇಲ್ಲ, ಯಾರಿಗೂ ಕೊರತೆ ಅನ್ನಿಸೋದಿಲ್ಲ. ಇಂಗ್ಲಿಷ್‌ನಲ್ಲಿ ಹೀಗೆ ನಡೆಯೋದಿಲ್ಲ. ‘ಹಿ ಈಸ್ ಮೈ ಅಂಕಲ್’ ಅಂತ ‘ಈಸ್’ ಹಾಕಲೇಬೇಕು. ಮಳೆ ಬರುತ್ತಿದೆ ಅನ್ನೋಕೆ ‘ಇಟ್ ಈಸ್ ರೇನಿಂಗ್’. ಆ ‘ಇಟ್’ ಯಾರು ಅಂತ ಕೇಳಬೇಡಿ, ಯಾರೂ ಅಲ್ಲ. ಬಸ್ಸಿನ ಸೀಟಿಗೆ ಹಾಕಿದ ಟವೆಲ್ ಇದ್ದಹಾಗೆ, ಜಾಗ ಖಾಲಿ ಬಿಡಬಾರದು ಅಂತ ಇಟ್ಟಿದ್ದು.

ಪಾಂಡವಪುರದ ಕಡೆಯ ಒಬ್ಬ ಹುಡುಗ ತನ್ನ ಊರಿನ ಬಗ್ಗೆ ಪ್ರಬಂಧ ಬರೆದಿದ್ದ. ಮೊದಲ ಸಾಲು ‘ಇನ್ ಅವರ್ ವಿಲೇಜ್ ಮೋರ್ ಶುಗರ್‌ಕೇನ್’. ಎರಡನೆಯದು ‘ಮೈ ಫಾದರ್ ಆಲ್ಸೋ ಶುಗರ್‌ಕೇನ್ ಗ್ರೋಯಿಂಗ್’. ನಮ್ಮೂರಲ್ಲಿ ಕಬ್ಬು ಜಾಸ್ತಿ, ನಮ್ಮಪ್ಪನೂ ಕಬ್ಬು ಬೆಳೀತಾರೆ. ಕನ್ನಡದಲ್ಲಿ ಒಂದು ಚೂರೂ ಕುಂದಿಲ್ಲ. ಮೊದಲನೆಯದಕ್ಕೆ ‘ದೇರ್ ಈಸ್ ಎ ಲಾಟ್ ಆಫ್ ಶುಗರ್‌ಕೇನ್ ಇನ್ ಅವರ್ ವಿಲೇಜ್’ ಅಂತ ಮಾಡಿಸಿದೆ. ಎರಡನೆಯದರಲ್ಲಿ ‘ಗ್ರೋಯಿಂಗ್’ ಅನ್ನೋದನ್ನ ‘ಗ್ರೋಸ್’ ಮಾಡಿ ಕಬ್ಬಿಗಿಂತ ಮುಂದೆ ತಂದರೆ ಸಾಕು: ‘ಮೈ ಫಾದರ್ ಆಲ್ಸೋ ಗ್ರೋಸ್ ಶುಗರ್‌ಕೇನ್’. ನಾವು ವರ್ಬನ್ನು ಕೊನೆಗೆ ಇಡುವವರು, ಅವರು ಸಬ್ಜೆಕ್ಟ್ ಆದ ಮೇಲೆ ಇಡುವವರು. ಹುಡುಗನಿಗೆ ಗ್ರಾಮರ್ ಬರೋದಿಲ್ಲ ಅಂತ ಬೈಯೋದರಲ್ಲಿ ಅರ್ಥವಿಲ್ಲ. ಅವನಿಗೆ ಬರುವ ಗ್ರಾಮರ್ ಕನ್ನಡದ್ದು, ಅಷ್ಟೇ.

ಸಬ್ಜೆಕ್ಟ್ ಮುಂದೆ ಅನ್ನೋ ನಿಯಮಕ್ಕೂ ಅಪವಾದ ಇದೆ. ‘ಹಿಯರ್ ಕಮ್ಸ್ ದಿ ಬಸ್’ನಲ್ಲಿ ಬಸ್ ಕೊನೆಗೆ ಬಂತು, ಆದರೂ ಡಿಕ್ಲರೇಟಿವ್. ಇಂಥವು ಕಡಿಮೆ, ಸದ್ಯಕ್ಕೆ ತಲೆಕೆಡಿಸಿಕೊಳ್ಳಬೇಡಿ. ಮಾತಿನಲ್ಲಿ ‘ಯು ಆರ್ ಕಮಿಂಗ್?’ ಅಂತ ರಾಗ ಎಳೆದು ಕೇಳೋದೂ ಉಂಟು. ರೂಪ ಡಿಕ್ಲರೇಟಿವ್, ಕೆಲಸ ಪ್ರಶ್ನೆಯದು. ಪರೀಕ್ಷೆಯಲ್ಲಿ ಪ್ರಶ್ನೆ ಮಾಡಿ ಅಂತ ಕೊಟ್ಟರೆ ಮಾತ್ರ ‘ಆರ್ ಯು ಕಮಿಂಗ್?’ ಅಂತಲೇ ಬರೆಯಿರಿ.

ಇನ್ನು, ಕೆಲವು ಗ್ರಾಮರ್ ಪುಸ್ತಕಗಳಲ್ಲಿ ಡಿಕ್ಲರೇಟಿವ್ ಅನ್ನೋದನ್ನೇ ಅಸರ್ಟಿವ್ ಸೆಂಟೆನ್ಸ್ ಅಂತಾರೆ. ಹೆಸರು ಎರಡು ಇದೆ ಅಂತ ಎರಡು ಸಲ ಓದಬೇಡಿ.