ಬೋರ್ನ್‌ಮತ್‌ನಲ್ಲಿ ಮಕ್ಕಳಿರುವ ಸಂಸಾರಕ್ಕೆ ಸಮುದ್ರದ ಎದುರಿನ ಮನೆ ಒಳ್ಳೆಯದೋ, ಒಳಗಿನ ಶಾಂತ ಬಡಾವಣೆಯೋ?

ನಿಮ್ಮ ಯಜಮಾನರಿಗೆ ಬೋರ್ನ್‌ಮತ್‌ನಲ್ಲಿ ಕೆಲಸ ಸಿಕ್ಕಿದೆ, ಆರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳಿದ್ದಾರೆ, ಸಮುದ್ರಕ್ಕೆ ಮುಖ ಮಾಡಿದ ಫ್ಲ್ಯಾಟ್ ಹಿಡಿಯುವುದೋ ಒಳಗಿನ ಬಡಾವಣೆಯಲ್ಲಿ ಮನೆ ನೋಡುವುದೋ ಎಂದು ಕೇಳಿದ್ದೀರಿ. ಬೆಂಗಳೂರಿನ ಗದ್ದಲದಲ್ಲಿ ಬೆಳೆದ ನಮಗೆ ಅಲ್ಲಿಯ ಮೌನ ಹಿಡಿಸೀತೇ ಎಂಬ ಅಳುಕನ್ನೂ ಬರೆದಿದ್ದೀರಿ. ನಾನು ಇದೇ ಊರಿನ ಲಿಟಲ್‌ಡೌನ್ ಕಡೆ ಸಂಸಾರ ಸಮೇತ ಇದ್ದೇನೆ, ನನ್ನ ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಾರೆ. ನನ್ನ ಉತ್ತರ ಇಷ್ಟು: ಸಮುದ್ರ ನೋಡಿ ಮನೆ ಹಿಡಿಯಬೇಡಿ, ಶಾಲೆ ನೋಡಿ ಹಿಡಿಯಿರಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಮೊದಲು ಊರಿನ ಅಂದಾಜು. ಬೋರ್ನ್‌ಮತ್ ಇರುವುದು ಇಂಗ್ಲೆಂಡಿನ ದಕ್ಷಿಣ ದಂಡೆಯಲ್ಲಿ. 2019ರಿಂದ ಬೋರ್ನ್‌ಮತ್, ಪೂಲ್, ಕ್ರೈಸ್ಟ್‌ಚರ್ಚ್ ಮೂರಕ್ಕೂ ಸೇರಿ ಒಂದೇ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ. ಎಲ್ಲರೂ ಬಿಸಿಪಿ ಅಂತಲೇ ಕರೆಯುತ್ತಾರೆ. ಲಂಡನ್ನಿನ ವಾಟರ್‌ಲೂ ನಿಲ್ದಾಣಕ್ಕೆ ರೈಲಿನಲ್ಲಿ ಎರಡು ತಾಸು. ಸಮುದ್ರದ ಉದ್ದಕ್ಕೂ ಎತ್ತರದ ಮರಳು ದಿಬ್ಬ, ಅದರ ಮೇಲೆ ಸಾಲಾಗಿ ಹೋಟೆಲು, ಫ್ಲ್ಯಾಟುಗಳು. ಅಲ್ಲಿಂದ ಉತ್ತರಕ್ಕೆ ಎರಡು ಮೂರು ಮೈಲಿ ಒಳಗೆ ಬಂದರೆ ಕ್ವೀನ್ಸ್ ಪಾರ್ಕ್, ಲಿಟಲ್‌ಡೌನ್, ಸ್ಟ್ರೌಡನ್ ಪಾರ್ಕ್, ಮಸ್ಕ್ಲಿಫ್. ಆಮೇಲೆ ಸ್ಟೌರ್ ನದಿ, ಹೊಲ, ದನ ಮೇಯುವ ಬಯಲು. ದೊಡ್ಡ ಆಸ್ಪತ್ರೆ ಕಾಸಲ್ ಲೇನ್ ಈಸ್ಟ್ ರಸ್ತೆಯಲ್ಲಿದೆ, ಜೆಪಿ ಮಾರ್ಗನ್ ಬ್ಯಾಂಕಿನ ಕಚೇರಿ ಲಿಟಲ್‌ಡೌನ್ ಪಕ್ಕದಲ್ಲೇ ಇದೆ. ನನಗೆ ಪರಿಚಯವಾದ ನಮ್ಮ ಕಡೆಯವರಲ್ಲಿ ಹೆಚ್ಚಿನವರು ಈ ಎರಡರಲ್ಲಿ ಒಂದಕ್ಕಾಗಿ ಬಂದವರು. ನಿಮ್ಮವರ ಕೆಲಸವೂ ಇಲ್ಲೇ ಆದರೆ ನಡೆದೇ ಹೋಗಬಹುದು. ಸಂಜೆಯ ಹೊತ್ತು ಕಾಸಲ್ ಲೇನ್‌ನಲ್ಲಿ ಕಾರು ತೆವಳುವುದನ್ನು ಒಮ್ಮೆ ನೋಡಿದರೆ ಅದು ಎಷ್ಟು ದೊಡ್ಡ ಅನುಕೂಲ ಅನ್ನುವುದು ಗೊತ್ತಾಗುತ್ತದೆ.

ಸಮುದ್ರದ ಎದುರಿನ ಫ್ಲ್ಯಾಟ್ ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಬಿಸಿಲು ಬಿದ್ದ ಶನಿವಾರ, ಭಾನುವಾರ ಅರ್ಧ ದಕ್ಷಿಣ ಇಂಗ್ಲೆಂಡ್ ಇಲ್ಲಿಗೇ ಬಂದಂತಿರುತ್ತದೆ. 2020ರ ಜೂನ್ 25ರಂದು ಕಡಲತೀರಕ್ಕೆ ಎಷ್ಟು ಜನ ನುಗ್ಗಿದರೆಂದರೆ ಕೌನ್ಸಿಲ್‌ನವರು ತುರ್ತುಸ್ಥಿತಿಯನ್ನೇ ಘೋಷಿಸಬೇಕಾಯಿತು. ಅದು ಲಾಕ್‌ಡೌನ್ ಸಡಿಲವಾದ ಕಾಲದ ಅತಿರೇಕ, ನಿಜ. ಆದರೂ ಬೇಸಿಗೆಯ ರಜೆಯಲ್ಲಿ ದಿಬ್ಬದ ಮೇಲಿನ ರಸ್ತೆಗಳಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ತಡರಾತ್ರಿವರೆಗೂ ಸದ್ದು ಇರುತ್ತದೆ. ಚಳಿಗಾಲದಲ್ಲಿ ಇದಕ್ಕೆ ತದ್ವಿರುದ್ಧ: ಉಪ್ಪುಗಾಳಿ ಕಿಟಕಿಗೆ ಬಡಿಯುತ್ತಲೇ ಇರುತ್ತದೆ, ಅಕ್ಕಪಕ್ಕದ ಎಷ್ಟೋ ಫ್ಲ್ಯಾಟುಗಳಲ್ಲಿ ದೀಪವೇ ಉರಿಯುವುದಿಲ್ಲ. ನಿಮ್ಮ ಮಕ್ಕಳಿಗೆ ಬೇಕಾದ್ದು ಹಿತ್ತಲು, ಸೈಕಲ್ ಹೊಡೆಯಲು ಕೊನೆ ಮುಚ್ಚಿದ ಸಣ್ಣ ರಸ್ತೆ, ಕೂಗಳತೆಯಲ್ಲಿ ಒಬ್ಬಿಬ್ಬರು ಸಹಪಾಠಿಗಳು. ಇವೆಲ್ಲ ಒಳಗಿನ ಬಡಾವಣೆಯಲ್ಲಿ ಸಿಗುತ್ತವೆ.

ಈಗ ಶಾಲೆಯ ವಿಚಾರ. ಅತಿ ಮುಖ್ಯವಾದದ್ದು ಇದೇ, ಹಲವರು ತಲೆಕೆಡಿಸಿಕೊಳ್ಳದೆ ಇರುವುದೂ ಇದನ್ನೇ. ಇಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ದುಡ್ಡು ಕೊಟ್ಟು ಸೀಟು ಹಿಡಿಯುವ ಪ್ರಶ್ನೆಯೂ ಇಲ್ಲ. ಮನೆ ಎಷ್ಟು ಹತ್ತಿರ ಅನ್ನುವುದರ ಮೇಲೆ ಬಹುಪಾಲು ನಿಂತಿದೆ. ಆದರೆ ನೀವು ವರ್ಷದ ನಡುವೆ ಬರುತ್ತಿದ್ದೀರಿ. ರಿಸೆಪ್ಷನ್ (ಒಂದನೇ ತರಗತಿಗೂ ಹಿಂದಿನ ವರ್ಷ), ಒಂದು, ಎರಡನೇ ತರಗತಿಗಳಲ್ಲಿ ಒಬ್ಬ ಟೀಚರಿಗೆ 30 ಮಕ್ಕಳಿಗಿಂತ ಹೆಚ್ಚು ಇರಬಾರದೆಂದು ಕಾನೂನೇ ಇದೆ. ಹಾಗಾಗಿ ಶಾಲೆಯ ಗೇಟಿನ ಎದುರಿಗೇ ಮನೆ ಮಾಡಿದರೂ ಆ ತರಗತಿ ತುಂಬಿದ್ದರೆ ನಿಮ್ಮ ಚಿಕ್ಕವನಿಗೆ ಸೀಟು ಸಿಗದೇ ಇರಬಹುದು. ಅಣ್ಣನಿಗೆ ಒಂದು ಶಾಲೆ, ತಮ್ಮನಿಗೆ ಎರಡು ಮೈಲಿ ಆಚೆಯ ಇನ್ನೊಂದು ಶಾಲೆ ಅಂತಾದರೆ, ಎರಡೂ ಕಡೆ ಒಂದೇ ಹೊತ್ತಿಗೆ ಗಂಟೆ ಹೊಡೆಯುವಾಗ, ಕಾರು ಓಡಿಸಲು ಬಾರದ ತಾಯಿಯ ಬೆಳಗು ಹೇಗಿರುತ್ತದೆ ಎಂದು ಯೋಚಿಸಿ. ನಮ್ಮ ಪಕ್ಕದ ಬೀದಿಯ ಒಂದು ಸಂಸಾರ ಇದನ್ನು ಇಡೀ ವರ್ಷ ಅನುಭವಿಸಿತು. ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಬಿಸಿಪಿ ಕೌನ್ಸಿಲ್ಲಿನ ಶಾಲಾ ಪ್ರವೇಶ ವಿಭಾಗಕ್ಕೆ ಬರೆದು, ನಿಮ್ಮ ಇಬ್ಬರು ಮಕ್ಕಳ ತರಗತಿಗಳಲ್ಲಿ ಯಾವ ಶಾಲೆಗಳಲ್ಲಿ ಜಾಗವಿದೆ ಎಂದು ಕೇಳಿ. ಆ ಉತ್ತರ ಬಂದ ಮೇಲೆ ಮನೆ ಹುಡುಕಿ.

ದೊಡ್ಡವನ ವಿಷಯದಲ್ಲಿ ಇನ್ನೊಂದು ಮಾತು. ಈ ಊರಿನಲ್ಲಿ ಗ್ರಾಮರ್ ಶಾಲೆಗಳು, ಅಂದರೆ ಹನ್ನೊಂದನೇ ವಯಸ್ಸಿಗೆ ಸೇರುವ ಆಯ್ದ ಮಕ್ಕಳ ಪ್ರೌಢಶಾಲೆಗಳು, ಉಳಿದುಕೊಂಡಿವೆ. ಬೋರ್ನ್‌ಮತ್ ಸ್ಕೂಲ್ ಗಂಡುಮಕ್ಕಳಿಗೆ, ಬೋರ್ನ್‌ಮತ್ ಸ್ಕೂಲ್ ಫಾರ್ ಗರ್ಲ್ಸ್ ಹೆಣ್ಣುಮಕ್ಕಳಿಗೆ; ಎರಡೂ ಕಾಸಲ್ ಲೇನ್ ಹತ್ತಿರ ಅಕ್ಕಪಕ್ಕದಲ್ಲೇ ಇವೆ. ಸರ್ಕಾರಿ ಶಾಲೆಗಳೇ, ಆದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಆರನೇ ತರಗತಿ ಶುರುವಾಗುವ ಸೆಪ್ಟೆಂಬರ್‌ನಲ್ಲೇ ಪರೀಕ್ಷೆ, ಅದಕ್ಕೂ ಮುಂಚೆ ಹೆಸರು ನೋಂದಾಯಿಸಬೇಕು. ಒಂಬತ್ತು ವರ್ಷದ ಮಗುವಿಗೆ ಇದು ದೂರದ ಮಾತಲ್ಲ. ಆದರೆ ದಯವಿಟ್ಟು ಬಂದಿಳಿದ ವಾರವೇ ಕೋಚಿಂಗಿಗೆ ತಳ್ಳಬೇಡಿ. ಹೊಸ ದೇಶ, ಹೊಸ ಉಚ್ಚಾರಣೆ, ಹೊಸ ಗೆಳೆಯರು: ಮೊದಲು ಅವನು ಆಟದ ಮೈದಾನದಲ್ಲಿ ಒಬ್ಬನನ್ನಾದರೂ ಜೊತೆ ಮಾಡಿಕೊಳ್ಳಲಿ. ಗ್ರಾಮರ್ ಸಿಗದಿದ್ದರೂ ಇಲ್ಲಿ ಒಳ್ಳೆಯ ಶಾಲೆಗಳಿವೆ.

ಮನೆ ನೋಡಲು ಹೋದಾಗ ಬಣ್ಣ, ಕಾರ್ಪೆಟ್ ನೋಡುವ ಮೊದಲು ಮೂಲೆಗಳನ್ನು ನೋಡಿ. ಕಪಾಟಿನ ಹಿಂದೆ, ಬಚ್ಚಲಿನ ಸೂರಿನಲ್ಲಿ, ಕಿಟಕಿಯ ಕೆಳಗೆ ಕಪ್ಪು ಬೂಸ್ಟು ಹಿಡಿದಿದೆಯೇ? ಹಳೆಯ ಇಟ್ಟಿಗೆ ಮನೆಗಳಲ್ಲಿ ಚಳಿಗಾಲದುದ್ದಕ್ಕೂ ಇದೊಂದು ಕಾಟ. ನಾವು ಮನೆಯೊಳಗೆ ಬಟ್ಟೆ ಒಣಹಾಕುತ್ತೇವೆ, ಮೂರು ಹೊತ್ತೂ ಕುದಿಸಿ ಬೇಯಿಸುತ್ತೇವೆ, ಚಳಿಯೆಂದು ಕಿಟಕಿ ಮುಚ್ಚುತ್ತೇವೆ. ಆ ತೇವವೆಲ್ಲ ತಣ್ಣನೆಯ ಗೋಡೆಗೆ ಹೋಗಿ ಕೂರುತ್ತದೆ. ಅಡುಗೆಮನೆಯ ಫ್ಯಾನು ಹೊಗೆಯನ್ನು ನಿಜವಾಗಿ ಹೊರಗೆ ಕಳಿಸುತ್ತದೆಯೋ ಇಲ್ಲವೋ ಕೇಳಿ ತಿಳಿಯಿರಿ. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ ಕೂಡಲೇ ಹೊಗೆಯ ಅಲಾರಂ ಕಿರುಚುವ ಮನೆಯಲ್ಲಿ ನೆಮ್ಮದಿಯಿಂದ ಅಡುಗೆ ಮಾಡಲಾಗುವುದಿಲ್ಲ. ಗಾಳಿಯ ತೇವ ಹೀರುವ ಒಂದು ಯಂತ್ರ ಕೊಂಡುಕೊಳ್ಳಿ, ಆ ದುಡ್ಡು ದಂಡವಲ್ಲ. ಬೆಂಗಳೂರಿನ ಹಾಗೆ ತಿಂಗಳುಗಟ್ಟಲೆ ಅಡ್ವಾನ್ಸ್ ಕೊಡಬೇಕಾಗಿಲ್ಲ: ಸಾಮಾನ್ಯ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ, ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ಇಡಲೇಬೇಕು. ಕೌನ್ಸಿಲ್ ತೆರಿಗೆ ಮಾತ್ರ ಬಾಡಿಗೆಯ ಮೇಲೆ ಪ್ರತ್ಯೇಕ, ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ ಹತ್ತು ಕಂತು.

ಇನ್ನು ನೀವು ಹೆದರಿರುವ ಮೌನದ ಬಗ್ಗೆ. ಹೌದು, ಇದೆ. ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಬೀದಿಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ತರಕಾರಿ ಗಾಡಿಯ ಕೂಗಿಲ್ಲ, ಪಕ್ಕದ ಮನೆಯಿಂದ ಕರಿಬೇವು ಕೇಳಿಕೊಂಡು ಬರುವವರಿಲ್ಲ. ಮಕ್ಕಳು, ಗಂಡ ಈ ಮೌನದಿಂದ ಬಳಲುವುದಿಲ್ಲ, ಅವರಿಗೆ ಶಾಲೆಯಿದೆ, ಕಚೇರಿಯಿದೆ. ಬಳಲುವುದು ಮನೆಯಲ್ಲಿ ಉಳಿದವರು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾದಾಗ ಅದು ಎದೆಯ ಮೇಲೆ ಕೂರುತ್ತದೆ. ನಿಮಗೆ ನಾನು ಕೈಮುಗಿದು ಹೇಳುವುದು ಇದನ್ನೇ: ಮಕ್ಕಳನ್ನು ಶಾಲೆಗೆ ನೀವೇ ನಡೆಸಿಕೊಂಡು ಹೋಗಿ, ಗೇಟಿನ ಹತ್ತಿರ ಹತ್ತು ನಿಮಿಷ ನಿಲ್ಲಿ. ಇಲ್ಲಿಯ ಸ್ನೇಹಗಳೆಲ್ಲ ಹುಟ್ಟುವುದು ಆ ಗೇಟಿನಲ್ಲೇ. ಮೊದಲು ಹವಾಮಾನದ ಮಾತು, ಆಮೇಲೆ ಮಕ್ಕಳ ಹುಟ್ಟುಹಬ್ಬ, ಆಮೇಲೆ ಚಹಾ. ಲೈಬ್ರರಿಗೆ ಹೋಗಿ. ಲಿಟಲ್‌ಡೌನ್ ಸೆಂಟರ್‌ನಲ್ಲಿ ಈಜುಕೊಳ ಇದೆ, ಸುತ್ತ ದೊಡ್ಡ ಪಾರ್ಕಿದೆ. ಚಾರ್ಮಿನ್‌ಸ್ಟರ್ ರಸ್ತೆಯಲ್ಲಿ ನಾಲ್ಕಾರು ದೇಶಗಳ ಊಟ, ಅಂಗಡಿಗಳು ಇವೆ, ಅಲ್ಲಿ ನಡೆದಾಡಿದರೆ ಮನಸ್ಸು ಹಗುರಾಗುತ್ತದೆ. ಇನ್ನೊಂದು, ನಮ್ಮಂಥ ಕಂದು ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ಡಿ ವಿಟಮಿನ್ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂದು ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತದೆ. ಇದನ್ನು ಕಡೆಗಣಿಸಬೇಡಿ, ಚಳಿಗಾಲದ ಸುಸ್ತಿನ ಅರ್ಧ ಕಾರಣ ಅಲ್ಲೇ ಇರಬಹುದು.

ಹಾಗಾದರೆ ಸಮುದ್ರ? ಖಂಡಿತ ಇದೆ. ಲಿಟಲ್‌ಡೌನ್‌ನಿಂದ ಬೋಸ್ಕಂಬ್ ತೀರಕ್ಕೆ ಸುಮಾರು ಎರಡು ಮೈಲಿ. ಮಲ್ಪೆ, ಕಾರವಾರ ನೋಡಿದವರಿಗೆ ಇಲ್ಲಿ ದಿಕ್ಕೇ ಬೇರೆ ಅನ್ನಿಸುತ್ತದೆ. ನಮ್ಮಲ್ಲಿ ಕಡಲು ಪಶ್ಚಿಮಕ್ಕೆ, ಸೂರ್ಯ ನೀರಿಗೆ ಇಳಿಯುತ್ತಾನೆ. ಇಲ್ಲಿ ಕಡಲು ದಕ್ಷಿಣಕ್ಕೆ, ಜೂನ್‌ನಲ್ಲಿ ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆ ಸೂರ್ಯ ಊರಿನ ಹಿಂದೆ ಮುಳುಗುತ್ತಾನೆ. ಈ ಕೊಲ್ಲಿಯಲ್ಲಿ ಉಬ್ಬರ ಇಳಿತದ ಅಂತರ ಕಡಿಮೆ, ಆದ್ದರಿಂದ ದಿನದ ಯಾವ ಹೊತ್ತಿಗೆ ಹೋದರೂ ಮಕ್ಕಳಿಗೆ ಆಡಲು ಮರಳು ಉಳಿದಿರುತ್ತದೆ. ನೀರು ಮಾತ್ರ ಆಗಸ್ಟ್‌ನಲ್ಲೂ ತಣ್ಣಗೆ ಕೊರೆಯುತ್ತದೆ. ಬೇಸಿಗೆಯಲ್ಲಿ ಆರ್‌ಎನ್‌ಎಲ್‌ಐ ಎಂಬ ಸೇವಾಸಂಸ್ಥೆಯ ಜೀವರಕ್ಷಕರು ಇರುತ್ತಾರೆ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಮಕ್ಕಳನ್ನು ನೀರಿಗೆ ಬಿಡಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಪೂರ್ವದ ತುದಿಯ ಹೆಂಗಿಸ್ಟ್‌ಬರಿ ಹೆಡ್. ಸೌತ್‌ಬೋರ್ನ್ ದಾಟಿ ಹೋಗಬೇಕು. ಗುಡ್ಡ ಹತ್ತಿದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕ್ರೈಸ್ಟ್‌ಚರ್ಚ್ ಬಂದರಿನ ಶಾಂತ ನೀರು, ಹೀದರ್ ಹೂವು ಬಿಟ್ಟಾಗ ನೆಲವೆಲ್ಲ ನೇರಳೆ. ನ್ಯೂ ಫಾರೆಸ್ಟ್ ಕೂಡ ಹತ್ತಿರ, ಅಲ್ಲಿ ಕುದುರೆಗಳು ಬಿಡುಬೀಸಾಗಿ ರಸ್ತೆಯಲ್ಲೇ ಓಡಾಡುವುದನ್ನು ಕಂಡರೆ ನಿಮ್ಮ ಚಿಕ್ಕವನಿಗೆ ಹಬ್ಬ.

ಸೌತ್‌ಬೋರ್ನ್ ಸಮುದ್ರಕ್ಕೂ ಹತ್ತಿರ, ಬಡಾವಣೆಯೂ ಹೌದು, ಅಂಗಡಿ ಬೀದಿ ಬಲು ಚೆಂದ. ನಿಮಗೆ ಬೇಕಾದ ತರಗತಿಗಳಲ್ಲಿ ಅಲ್ಲಿಯೇ ಸೀಟು ಸಿಕ್ಕರೆ, ಬಾಡಿಗೆ ಎಟುಕಿದರೆ, ಕಣ್ಣುಮುಚ್ಚಿ ಹೋಗಿ. ಸಿಗದಿದ್ದರೆ ಲಿಟಲ್‌ಡೌನ್, ಸ್ಟ್ರೌಡನ್ ಪಾರ್ಕ್ ನೋಡಿ. ಮಸ್ಕ್ಲಿಫ್ ಇನ್ನೂ ಶಾಂತ, ಆದರೆ ಕಾರಿಲ್ಲದಿದ್ದರೆ ಬಸ್ಸಿನ ವೇಳೆ ಮೊದಲೇ ತಿಳಿದುಕೊಳ್ಳಿ. ಮೊದಲ ಒಂದೆರಡು ತಿಂಗಳಿಗೆ ತಾತ್ಕಾಲಿಕ ಮನೆ ಬೇಕಾದರೆ ಜುಲೈ, ಆಗಸ್ಟ್ ತಪ್ಪಿಸಿ. ಪ್ರವಾಸಿಗರ ಆ ಕಾಲದಲ್ಲಿ ಬಾಡಿಗೆ ಏರಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಂದರೆ ಮನೆಗಳನ್ನು ಅವುಗಳ ಅತಿ ಕೆಟ್ಟ ತೇವದಲ್ಲೇ ನೋಡಿ ಆರಿಸಬಹುದು, ಮಕ್ಕಳೂ ಹಗಲು ಉದ್ದವಾಗುತ್ತಿರುವಾಗ ಶಾಲೆ ಸೇರುತ್ತಾರೆ. ಕೌನ್ಸಿಲ್‌ನಿಂದ ಶಾಲೆಗಳ ಉತ್ತರ ಬಂದ ಮೇಲೆ ಇಲ್ಲೇ ಬರೆಯಿರಿ, ಯಾವ ಬೀದಿ ಹೇಗಿದೆ ಅಂತ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.