ಓಡಿಸೋದು ಇರಲಿ, ನಿಲ್ಲಿಸೋದು ಹೇಗೆ ಹೇಳಿ

ವರ್ಷಕ್ಕೊಂದು ಸಲ ಈ ಪ್ರಶ್ನೆಗಳ ಮಳೆ ಬರುತ್ತದೆ. ಫೈನಲ್ ಇಯರ್ ಪ್ರಾಜೆಕ್ಟ್ ಕೊಡುವ ಹೊತ್ತಿಗೆ ಸರಿಯಾಗಿ. ನಿಜವಾದ ಕಾರನ್ನು ಆಟಿಕೆ ಕಾರಿನ ಹಾಗೆ ರಿಮೋಟಿನಲ್ಲಿ ಓಡಿಸಬೇಕು, ಅಷ್ಟೇ. ಹೋದ ವರ್ಷ ತಾಳ್ಮೆಯಿಂದ ಒಬ್ಬೊಬ್ಬರಿಗೂ ಬರೆದೆ. ಈ ಸಲ ಎಲ್ಲರಿಗೂ ಒಟ್ಟಿಗೆ ಬರೆದು ಕೈ ತೊಳೆದುಕೊಳ್ಳುತ್ತೇನೆ. ಸರ್ವೋ ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್, ರಿಲೇ ಅಂದರೆ ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್, ಇದಕ್ಕಿಂತ ಹೆಚ್ಚು ಇಲ್ಲಿ ಹೇಳಲ್ಲ. ಅದು ಗೊತ್ತಿಲ್ಲದಿದ್ದರೆ ದಯವಿಟ್ಟು ಕಾರು ಮುಟ್ಟಬೇಡಿ.

ಪ್ರಶ್ನೆ: ಗುಜರಿಯಿಂದ ಮಾರುತಿ 800 ತಂದಿದ್ದೇವೆ. ಸ್ಟೀರಿಂಗಿಗೆ ವೈಪರ್ ಮೋಟಾರ್, ಆಕ್ಸಿಲರೇಟರಿಗೆ ಸರ್ವೋ ಕೂರಿಸಿ ಆಯಿತು. ಬ್ರೇಕಿಗೆ ಇನ್ನೊಂದು ದೊಡ್ಡ ಸರ್ವೋ ಸಾಕಾ ಸರ್? ರೇಂಜ್ ಒಂದು ಕಿಲೋಮೀಟರ್ ಬರಬೇಕು. ಮುಂದಿನ ತಿಂಗಳು ಕಾಲೇಜು ಗ್ರೌಂಡಿನಲ್ಲಿ ಡೆಮೊ.

ಸಾಕಾಗಲ್ಲ. ಮೊದಲು ರೇಂಜ್ ವಿಷಯ ಮುಗಿಸಿಬಿಡೋಣ. ಒಂದು ಕಿಲೋಮೀಟರ್ ದೂರದಲ್ಲಿ ಕಾರು ಎಡಕ್ಕೆ ತಿರುಗಿತೋ ಬಲಕ್ಕೋ ಅಂತ ನಿಮಗೆ ಕಾಣುತ್ತದಾ? ಇನ್ನೂರು ಮೀಟರಿಗೇ ಸರಿಯಾಗಿ ಕಾಣಲ್ಲ. ನೂರು ಮೀಟರ್ ಗಟ್ಟಿಯಾಗಿ ಸಿಕ್ಕರೆ ಧಾರಾಳ.

ಈಗ ಲೆಕ್ಕ. ಆ ಕಾರಿನ ತೂಕ ಸುಮಾರು 650 ಕೆಜಿ. ಗಂಟೆಗೆ 20 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ನೀವು "ಅಯ್ಯೋ" ಅನ್ನುವಷ್ಟರಲ್ಲಿ ಅದು ಒಂದು ಕೋಣೆ ದಾಟಿರುತ್ತದೆ. ಆ ವೇಗದಲ್ಲಿ ಅದರೊಳಗಿನ ಶಕ್ತಿ, 50 ಕೆಜಿ ಸಿಮೆಂಟ್ ಚೀಲವನ್ನು 20 ಮೀಟರ್ ಎತ್ತರದಿಂದ ಕೆಳಗೆ ಬಿಟ್ಟಷ್ಟು. ವೇಗ 40 ಆದರೆ ಅಂಥ ನಾಲ್ಕು ಚೀಲ. ಡೆಮೊ ನೋಡೋಕೆ ನಿಮ್ಮ ಜೂನಿಯರ್‌ಗಳು ಎಲ್ಲಿ ನಿಂತಿರುತ್ತಾರೆ ಅಂತ ಯೋಚನೆ ಮಾಡಿದ್ದೀರಾ?

ನಿಮ್ಮ ರಿಸೀವರ್ ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಒಂದೊಂದು ಸರ್ವೋಗೂ ಒಂದು ಪಲ್ಸ್ (ಎಷ್ಟು ತಿರುಗಬೇಕು ಅಂತ ಹೇಳುವ ಚಿಕ್ಕ ವಿದ್ಯುತ್ ಸಂಕೇತ) ಕಳಿಸುತ್ತದೆ. 1000ದಿಂದ 2000 ಮೈಕ್ರೋಸೆಕೆಂಡ್ ಉದ್ದ, 1500 ಅಂದರೆ ನಡುಮಧ್ಯ. ಇದು ನಿಮಗೆ ಗೊತ್ತು. ಆದರೆ ಸಿಗ್ನಲ್ ತಪ್ಪಿದಾಗ ಅದು ಏನು ಮಾಡುತ್ತದೆ ಅಂತ ನೋಡಿದ್ದೀರಾ? ಕೆಲವು ರಿಸೀವರ್ ಪಲ್ಸ್ ಕೊಡೋದನ್ನೇ ನಿಲ್ಲಿಸುತ್ತವೆ. ಕೆಲವು ನೀವು ಮೊದಲೇ ಹೇಳಿಟ್ಟ ಜಾಗಕ್ಕೆ ಹೋಗುತ್ತವೆ. ಕೆಲವು ಕೊನೆಗೆ ಸಿಕ್ಕ ಆಜ್ಞೆಯನ್ನೇ ಹಿಡಿದು ಕೂರುತ್ತವೆ. ಈ ಕೊನೆಯದು ಯಮ. ಅರ್ಧ ಆಕ್ಸಿಲರೇಟರ್ ಕೊಟ್ಟಾಗ ಸಿಗ್ನಲ್ ಹೋದರೆ ಕಾರು ಅರ್ಧ ಆಕ್ಸಿಲರೇಟರಿನಲ್ಲೇ ಹೋಗ್ತಾ ಇರುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ. ಮಾವನ ಅಡಿಕೆ ತೋಟದಲ್ಲಿ ಪವರ್ ಟಿಲ್ಲರಿಗೆ ರಿಮೋಟ್ ಹಾಕಿದ್ದೆ. ಎಡ-ಬಲ ಕ್ಲಚ್ಚಿಗೆ ಎರಡು ಮೋಟಾರ್, ಮೇನ್ ಕ್ಲಚ್ಚಿಗೆ ಒಂದು. ಮೂರು ದಿನ ಚಂದ ಓಡಿತು, ಊರವರೆಲ್ಲ ಬಂದು ನೋಡಿಕೊಂಡು ಹೋದರು. ನಾಲ್ಕನೇ ದಿನ ಕೈಯಲ್ಲಿದ್ದ ಟ್ರಾನ್ಸ್‌ಮಿಟರಿನ ಸೆಲ್ ಖಾಲಿ. ಟಿಲ್ಲರ್ ನಿಲ್ಲಲಿಲ್ಲ. ಡೀಸೆಲ್ ಎಂಜಿನ್ ನೋಡಿ, ವೈರ್ ಕಿತ್ತರೂ ನಿಲ್ಲಲ್ಲ, ಎಣ್ಣೆ ಕಟ್ ಮಾಡಬೇಕು. ನಾನು ಹಿಂದೆ ಓಡಿದೆ, ಅದು ಮುಂದೆ ಓಡಿತು. ಹೊಸದಾಗಿ ನೆಟ್ಟ ಸಸಿ ಒಂದು ಸಾಲು ಮಲಗಿಸಿ ಬಸಿಗಾಲುವೆಗೆ ಬಿತ್ತು. ತಪ್ಪು ಪೂರ್ತಿ ನನ್ನದೇ. ಮಾವ ಈಗಲೂ ನೆಂಟರ ಮುಂದೆ ನನ್ನನ್ನು "ನಮ್ಮ ಎಂಜಿನಿಯರ್" ಅಂತಲೇ ಪರಿಚಯ ಮಾಡಿಸುತ್ತಾರೆ, ಆ ದನಿಯಲ್ಲಿ.

ಹಾಗಾಗಿ ಮೊದಲ ಕೆಲಸ: ಕಾರನ್ನು ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರ ಗಾಳಿಯಲ್ಲಿ ತಿರುಗುತ್ತಿರುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಏನಾಗುತ್ತದೆ ನೋಡಿ. ಆಮೇಲೆ ಮಾತಾಡೋಣ.

ರಿಸೀವರಿನಲ್ಲಿ ಫೇಲ್‌ಸೇಫ್ (ಸಿಗ್ನಲ್ ತಪ್ಪಿದರೆ ಮೊದಲೇ ಹೇಳಿಟ್ಟ ಜಾಗಕ್ಕೆ ಹೋಗುವ ವ್ಯವಸ್ಥೆ) ಸೆಟ್ ಮಾಡಿದ್ದೇವೆ ಅಂತ ಸಮಾಧಾನ ಪಡಬೇಡಿ. ಅದು ಸಿಗ್ನಲ್ ಹೋದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಬ್ಯಾಟರಿ ವೈರ್ ಕಳಚಿಕೊಂಡರೆ? ಆರ್ಡುಯಿನೊ, ಅಂದರೆ ಕಂಟ್ರೋಲ್ ಬೋರ್ಡು, ಹ್ಯಾಂಗ್ ಆದರೆ? ಸ್ಟಾರ್ಟರ್ ಎಳೆದಾಗ ವೋಲ್ಟೇಜ್ ಇಳಿದು ಎಲ್ಲ ರೀಸೆಟ್ ಆದರೆ? ಬ್ರೇಕ್ ಒತ್ತೋಕೆ ಸರ್ವೋಗೆ ಕರೆಂಟ್ ಬೇಕು. ಕರೆಂಟೇ ಇಲ್ಲದಾಗ ಯಾರು ಒತ್ತುತ್ತಾರೆ? ಅದಕ್ಕೇ ಸರ್ವೋ ಸಾಕಾಗಲ್ಲ ಅಂದಿದ್ದು.

ಬ್ರೇಕನ್ನು ತಲೆಕೆಳಗು ಮಾಡಿ. ಕರೆಂಟ್ ಇದ್ದರೆ ಬ್ರೇಕ್ ಬಿಡಬೇಕು, ಹೋದರೆ ಬೀಳಬೇಕು. ಲಾರಿಯ ಏರ್ ಬ್ರೇಕಿನಲ್ಲಿ ಪಾರ್ಕಿಂಗ್ ಬ್ರೇಕ್ ಹೀಗೇ ಇರುತ್ತದೆ. ಒಳಗಿನ ಸ್ಪ್ರಿಂಗ್ ಯಾವಾಗಲೂ ಬ್ರೇಕ್ ಹಿಡಿಯೋಕೆ ನೋಡುತ್ತದೆ, ಗಾಳಿ ಅದನ್ನು ತಡೆದಿಟ್ಟಿರುತ್ತದೆ, ಗಾಳಿ ಸೋರಿದರೆ ಗಾಡಿ ಅಲ್ಲೇ ನಿಲ್ಲುತ್ತದೆ. ನಿಮ್ಮ ಕಾರಿಗೂ ಹಾಗೇ: ಪೆಡಲ್ ಒತ್ತುವಂಥ ಗಟ್ಟಿ ಸ್ಪ್ರಿಂಗ್ ಹಾಕಿ, ಅದನ್ನು ಹಿಂದಕ್ಕೆ ಎಳೆದು ಎಲೆಕ್ಟ್ರೋಮ್ಯಾಗ್ನೆಟ್‌ನಲ್ಲಿ ಹಿಡಿಸಿ. ಮ್ಯಾಗ್ನೆಟ್‌ನ ಕರೆಂಟ್ ಮತ್ತು ಇಗ್ನಿಷನ್ ಎರಡೂ ಒಂದೇ ರಿಲೇ ಸಾಲಿನಿಂದ ಹೋಗಲಿ. ಸಾಲು ಅಂದೆ, ಒಂದು ರಿಲೇ ಅಲ್ಲ, ಒಂದರ ಹಿಂದೆ ಒಂದು ಎರಡು. ರಿಲೇ ಕಾಂಟ್ಯಾಕ್ಟ್ ಬಿಸಿಗೆ ಅಂಟಿಕೊಳ್ಳೋದು ಉಂಟು. ಎರಡನೇ ರಿಲೇ ಬೇರೆ ರಿಸೀವರ್, ಬೇರೆ ಬ್ಯಾಟರಿಯಲ್ಲಿ ಇರಲಿ. ಅದರ ರಿಮೋಟ್ ಇನ್ನೊಬ್ಬರ ಕೈಯಲ್ಲಿ ಇರಲಿ, ಅವರಿಗೆ ಬೇರೆ ಯಾವ ಕೆಲಸವೂ ಬೇಡ, ವಿಡಿಯೊ ಮಾಡೋದಂತೂ ಬೇಡವೇ ಬೇಡ.

ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು ಅಂತ ಅಂದಾಜು ಹಾಕಬೇಡಿ. ಎಂಜಿನ್ ಆಫ್ ಮಾಡಿ, ಪೆಡಲನ್ನು ನಾಲ್ಕೈದು ಸಲ ಒತ್ತಿಬಿಟ್ಟು, ಆಮೇಲೆ ಅಳೆಯಿರಿ. ಬೂಸ್ಟರ್ (ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಬ್ರೇಕ್ ಪೆಡಲನ್ನು ಹಗುರ ಮಾಡುವ ಭಾಗ) ಇರುವ ಗಾಡಿಯಲ್ಲಿ ಎಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟು ಮಾತ್ರ ವ್ಯಾಕ್ಯೂಮ್ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲು. ನಿಮ್ಮ ಸ್ಪ್ರಿಂಗ್ ಆ ಕಲ್ಲನ್ನೂ ಒತ್ತಬೇಕು.

ವೈಪರ್ ಮೋಟಾರ್ ಬಗ್ಗೆಯೂ ಒಂದು ಮಾತು. ಅದರಲ್ಲಿರೋದು ವರ್ಮ್ ಗೇರ್. ಮೋಟಾರ್ ಸ್ಟೀರಿಂಗ್ ತಿರುಗಿಸುತ್ತದೆ, ಆದರೆ ಒಳಗೆ ಕೂತವರು ಕೈಯಿಂದ ತಿರುಗಿಸೋಕೆ ಹೋದರೆ ಬಿಡಲ್ಲ. ಮೊದಲ ಕೆಲವು ದಿನ ಡ್ರೈವಿಂಗ್ ಬಲ್ಲವರೊಬ್ಬರು ಒಳಗೆ ಕೂತಿರಲೇಬೇಕು, ಹಾಗಿದ್ದಾಗ ಅವರ ಕೈಗೆ ಸ್ಟೀರಿಂಗ್ ಸಿಗದಿದ್ದರೆ ಏನು ಪ್ರಯೋಜನ? ಎಳೆದರೆ ಕಳಚುವ ಹಾಗೆ ಮಾಡಿ. ಇನ್ನೊಂದು, ಚಕ್ರ ಎಷ್ಟು ತಿರುಗಿದೆ ಅಂತ ಆ ಮೋಟಾರಿಗೆ ಗೊತ್ತಿಲ್ಲ. ಸ್ಟೀರಿಂಗ್ ಕಾಲಮ್ಮಿಗೆ ಒಂದು ಪೊಟೆನ್ಷಿಯೋಮೀಟರ್ (ಎಷ್ಟು ತಿರುಗಿದೆ ಅಂತ ಅಳೆಯುವ ಭಾಗ) ಹಾಕಿ. ಗುಜರಿಯಲ್ಲಿ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಕಾಲಮ್ ಸಿಕ್ಕರೆ ಇದನ್ನು ಬಿಸಾಡಿ ಅದನ್ನೇ ತನ್ನಿ. ಗೇರ್ ಫಸ್ಟಿನಲ್ಲೇ ಇರಲಿ. ಕ್ಲಚ್ಚಿಗೂ ಮೋಟಾರ್ ಹಾಕಿ ಗೇರ್ ಬದಲಿಸುವ ಆಸೆ ಬೇಡ.

ಮುಂದಿನ ತಿಂಗಳು ಡೆಮೊ ಅಂದಿರಲ್ಲ, ಆಗಲ್ಲ. ಗೈಡ್ ಬೈದರೆ ಬೈಸಿಕೊಳ್ಳಿ.

ಪ್ರಶ್ನೆ: ಯೂಟ್ಯೂಬಿನಲ್ಲಿ ಒಬ್ಬರು ನಾಲ್ಕು ಬಟನ್ನಿನ ರಿಲೇ ಬೋರ್ಡಿನಲ್ಲೇ ಕಾರು ಓಡಿಸಿ ತೋರಿಸಿದ್ದಾರೆ. ಖರ್ಚು ತುಂಬಾ ಕಮ್ಮಿ.

ಅದು ಗೇಟು, ಪಂಪ್‌ಸೆಟ್ಟಿಗೆ ಮಾಡಿದ ಬೋರ್ಡು. ಒಮ್ಮೆ ಒತ್ತಿದರೆ ಆನ್, ಇನ್ನೊಮ್ಮೆ ಒತ್ತಿದರೆ ಆಫ್. ನಡುವೆ ರಿಮೋಟ್ ಬದುಕಿದೆಯೋ ಸತ್ತಿದೆಯೋ ಅಂತ ಅದು ಕೇಳೋದೇ ಇಲ್ಲ, ಹಾಗಾಗಿ ಅದರಲ್ಲಿ ಫೇಲ್‌ಸೇಫ್ ಅನ್ನೋದೇ ಇಲ್ಲ. ಆ ಮಹಾನುಭಾವರು ಮೂರು ನಿಮಿಷದ ವಿಡಿಯೊ ತೋರಿಸಿದ್ದಾರೆ. ಎಡಿಟ್ ಮಾಡಿ ತೆಗೆದದ್ದೇನು ಅಂತ ಕೇಳಿ ನೋಡಿ. 1925ರಲ್ಲೇ ನ್ಯೂಯಾರ್ಕಿನಲ್ಲಿ ಹೌಡಿನಾ ಅನ್ನುವವರು ಖಾಲಿ ಕಾರನ್ನು ರೇಡಿಯೊದಲ್ಲಿ ಓಡಿಸಿ ಜನರನ್ನು ಬೆರಗು ಮಾಡಿದ್ದರು. ಅದೂ ಹಿಡಿತ ತಪ್ಪಿ, ಕ್ಯಾಮೆರಾದವರು ತುಂಬಿದ್ದ ಇನ್ನೊಂದು ಕಾರಿಗೇ ಹೋಗಿ ಗುದ್ದಿತು. ನೂರು ವರ್ಷವಾದರೂ ಅದೇ ತಪ್ಪು, ಬೋರ್ಡ್ ಮಾತ್ರ ಹೊಸದು.

ಪ್ರಶ್ನೆ: ಮೊಬೈಲ್ ಬ್ಲೂಟೂತಿನಲ್ಲಿ ಆಗುತ್ತದಾ?

ಹತ್ತು ಮೀಟರ್ ರೇಂಜ್, ನಡುವೆ ಅಮ್ಮನ ಫೋನ್ ಬರುತ್ತದೆ. ಬೇಡ.

ಪ್ರಶ್ನೆ: ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಸರ್ವೋ ನಡುಗುತ್ತದೆ.

ಸ್ಪಾರ್ಕಿನ ಗಲಾಟೆ. ರೆಸಿಸ್ಟರ್ ಇರುವ ಪ್ಲಗ್ ಹಾಕಿ, ಕಂಟ್ರೋಲಿಗೆ ಬೇರೆ ಬ್ಯಾಟರಿ ಕೊಡಿ, ಆಂಟೆನಾವನ್ನು ತಗಡಿನೊಳಗೆ ಮುಚ್ಚಿಡದೆ ಟಾಪಿನ ಮೇಲಿಡಿ.

ಪ್ರಶ್ನೆ: ರಾತ್ರಿ ಹೊತ್ತು ಖಾಲಿ ರಸ್ತೆಯಲ್ಲಿ ಟೆಸ್ಟ್ ಮಾಡಬಹುದಾ?

ಇಲ್ಲ. ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಮಾರ್ಪಾಡು ಮಾಡುವಂತಿಲ್ಲ ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಓದದಿದ್ದರೂ ಉತ್ತರ ಇಲ್ಲವೇ.

ಪ್ರಶ್ನೆ: ಅಪ್ಪನಿಗೆ ಮಂಡಿ ನೋವು, ಟ್ರ್ಯಾಕ್ಟರ್ ಹತ್ತಿ ಇಳಿಯೋಕೆ ಆಗಲ್ಲ. ಬದುವಿನ ಮೇಲೆ ಕೂತೇ ಉಳುವ ಹಾಗೆ ರಿಮೋಟ್ ಮಾಡಿಕೊಡಲಾ?

ನಿಮ್ಮ ಮೇಲೆ ಮಾತ್ರ ಕೋಪ ಬರಲಿಲ್ಲ. ಆದರೂ ಬೇಡ. ಸೀಟಿನಲ್ಲಿ ಕೂತಾಗ ಟ್ರ್ಯಾಕ್ಟರ್ ವಾಲಿದ್ದು ಸೊಂಟಕ್ಕೆ ಗೊತ್ತಾಗುತ್ತದೆ, ಬದುವಿನ ಮೇಲೆ ಕೂತವರಿಗೆ ಉರುಳಿದ ಮೇಲೇ ಗೊತ್ತಾಗೋದು. ಹೊಲ ಒಂದೇ ಸಮ ಇಲ್ಲದಿದ್ದರಂತೂ ಕೇಳಲೇಬೇಡಿ. ಪಕ್ಕದ ಹುಡುಗನಿಗೆ ಗಂಟೆ ಲೆಕ್ಕದಲ್ಲಿ ಕೂಲಿ ಕೊಟ್ಟು ಉಳುಮೆ ಮಾಡಿಸಿ. ಹತ್ತೋಕೆ ಇನ್ನೊಂದು ಮೆಟ್ಟಿಲು ವೆಲ್ಡ್ ಮಾಡಿಸಿ, ಹಿಡಿಯೋಕೆ ಒಂದು ಕಂಬಿ ಹಾಕಿಸಿ. ಅಪ್ಪನಿಗೆ ಬೇಕಿರೋದು ಅದೇ ಇರಬಹುದು, ಒಮ್ಮೆ ಕೇಳಿ ನೋಡಿ.