ವಿಲ್ಲಿ ಲೋಮನ್ ಬಿದ್ದದ್ದು ಎಲ್ಲಿಂದ?

ಪತ್ರ: ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್‌ನ ‘ಡೆತ್ ಆಫ್ ಎ ಸೇಲ್ಸ್‌ಮನ್’ ಅನ್ನು ಕಳೆದ ಸಂಚಿಕೆಯಲ್ಲಿ ರುದ್ರನಾಟಕ (ಟ್ರ್ಯಾಜಿಡಿ) ಎಂದು ಕರೆದಿದ್ದೀರಿ. ಅದರ ನಾಯಕ ವಿಲ್ಲಿ ಲೋಮನ್ ಸುಳ್ಳು ಹೇಳುತ್ತಾನೆ, ಹೆಂಡತಿಗೆ ಮೋಸ ಮಾಡುತ್ತಾನೆ, ಮಕ್ಕಳನ್ನು ಕೆಡಿಸುತ್ತಾನೆ. ಕರ್ಣ, ಅಶ್ವತ್ಥಾಮರ ಪತನ ಕಂಡರೆ ಎದೆ ನಡುಗುತ್ತದೆ. ಇವನ ಮೇಲೆ ಹುಟ್ಟುವುದು ಬರೀ ಕನಿಕರ. ಎತ್ತರವೇ ಇಲ್ಲದವನು ಬೀಳುವುದಾದರೂ ಎಲ್ಲಿಂದ? – ಓದುಗರೊಬ್ಬರು, ಧಾರವಾಡ

ಉತ್ತರ: ಮಾನ್ಯರೇ, ನಿಮ್ಮ ಕೊನೆಯ ಪ್ರಶ್ನೆಗಾಗಿಯೇ ಈ ಪತ್ರವನ್ನು ಆರಿಸಿಕೊಂಡೆ. ವಿಲ್ಲಿಯ ಮೇಲೆ ನೀವು ಹೊರಿಸಿದ್ದೆಲ್ಲ ನಿಜ. ಮಗ ಬಿಫ್ ಫುಟ್‌ಬಾಲ್ ಕದ್ದುಕೊಂಡು ಬಂದರೆ ಅಪ್ಪ ನಗುತ್ತಾನೆ. ಬಾಸ್ಟನ್ನಿನ ಹೆಂಗಸಿಗೆ ಹೊಸ ಸ್ಟಾಕಿಂಗ್ಸ್ ಕೊಟ್ಟು ಬರುತ್ತಾನೆ, ಇತ್ತ ಹೆಂಡತಿ ಲಿಂಡಾ ಹರಿದದ್ದನ್ನೇ ಹೊಲಿಯುತ್ತ ಕೂತಿರುತ್ತಾಳೆ. ರುದ್ರನಾಯಕನೆಂದರೆ ರಾಜ, ಇಲ್ಲವೇ ವೀರ ಎಂಬ ಪರಂಪರೆಯೂ ಹಳೆಯದು. ಒಪ್ಪಿದೆ. ಆದರೆ ನೀವು ವಿಲ್ಲಿಯ ತಪ್ಪುಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಅವನ ಲೆಕ್ಕಾಚಾರವನ್ನು ಕೇಳಿಸಿಕೊಂಡಂತಿಲ್ಲ.

ಮೊದಲ ಅಂಕದ ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಊರೂರು ಸುತ್ತಿ ಬಂದ ವಿಲ್ಲಿ, ಪ್ರಾವಿಡೆನ್ಸ್‌ನಲ್ಲಿ 500 ಗ್ರೋಸು (ಒಂದು ಗ್ರೋಸು ಎಂದರೆ ಹನ್ನೆರಡು ಡಜನ್), ಬಾಸ್ಟನ್ನಿನಲ್ಲಿ 700 ಗ್ರೋಸು ಮಾರಿದೆ ಎಂದು ಜಂಬ ಕೊಚ್ಚುತ್ತಾನೆ. ಲಿಂಡಾ ಸಂಭ್ರಮದಿಂದ ಪೆನ್ಸಿಲ್ ಹಿಡಿದು ಕಮಿಷನ್ 212 ಡಾಲರ್ ಎನ್ನುತ್ತಾಳೆ. ಆಗ ಅವನ ದನಿ ಇಳಿಯುತ್ತದೆ. ಇಡೀ ಪ್ರವಾಸಕ್ಕೆ ಎಲ್ಲ ಸೇರಿ 200 ಗ್ರೋಸು ಇರಬಹುದು. ಕಮಿಷನ್ 70 ಡಾಲರ್, ಮೇಲೆ ಚಿಲ್ಲರೆ. ಲಿಂಡಾ ಒಂದು ಮಾತೂ ಆಡಿ ತೋರಿಸುವುದಿಲ್ಲ. ಫ್ರಿಜ್ಜಿಗೆ 16, ಬಟ್ಟೆ ಒಗೆಯುವ ಯಂತ್ರಕ್ಕೆ 9.60, ವ್ಯಾಕ್ಯೂಮ್ ಕ್ಲೀನರಿಗೆ ಮೂರೂವರೆ ಎಂದು ಕಟ್ಟಬೇಕಾದ ಕಂತುಗಳನ್ನು ಕೂಡಿಸುತ್ತ ಹೋಗುತ್ತಾಳೆ. ಗಂಡನ ಮಾನ ಕಾಯುತ್ತಲೇ ತಿಂಗಳ ಖರ್ಚನ್ನೂ ತೂಗಿಸುವ ಈ ಹೆಂಗಸನ್ನು ಎಷ್ಟೋ ವಿಮರ್ಶಕರು ಬರೀ ಸಹನಶೀಲೆ ಎಂದು ಕೈತೊಳೆದುಕೊಂಡಿದ್ದಾರೆ. ನನಗೆ ಸಿಟ್ಟು ಬರುತ್ತದೆ. ಇಂಥ ಮನುಷ್ಯನ ಕಡೆ ಗಮನ ಕೊಡಲೇಬೇಕು ಎಂದು ಮಕ್ಕಳನ್ನು ಗದರುವವಳು ಅವಳೇ.

ಎರಡನೆಯ ಅಂಕದಲ್ಲೂ ಅಂಕಿಗಳು ಇಳಿಯುತ್ತವೆ. 34 ವರ್ಷ ದುಡಿದ ಕಂಪನಿಯ ಈಗಿನ ಯಜಮಾನ ಹೊವಾರ್ಡ್, ವಿಲ್ಲಿ ಹಸುಗೂಸಾಗಿ ನೋಡಿದ್ದ ಹುಡುಗ. ಈಗ ತನ್ನ ಹೊಸ ರೆಕಾರ್ಡಿಂಗ್ ಯಂತ್ರದಲ್ಲಿ ಮಗಳ ಸಿಳ್ಳೆ ಕೇಳಿಸುತ್ತ ಕೂತಿದ್ದಾನೆ. ವಿಲ್ಲಿ ವಾರಕ್ಕೆ 65 ಡಾಲರ್ ಕೇಳುತ್ತಾನೆ, ಆಮೇಲೆ 50, ಆಮೇಲೆ 40. ಕೊನೆಗೆ ಕೆಲಸವೇ ಹೋಗುತ್ತದೆ. ಅಲ್ಲಿಂದ ನೆರೆಯ ಚಾರ್ಲಿಯ ಆಫೀಸಿಗೆ ಹೋದರೆ ಅವನು ವಾರಕ್ಕೆ 50 ಡಾಲರಿನ ಕೆಲಸ ಕೊಡುತ್ತೇನೆ, ಅಲೆದಾಟವೂ ಇಲ್ಲ ಎನ್ನುತ್ತಾನೆ. ವಿಲ್ಲಿ ಒಲ್ಲೆ ಎನ್ನುತ್ತಾನೆ! ವಿಮೆಯ ಕಂತು ಕಟ್ಟಲು ಸಾಲ ಬೇಕು, ಕೆಲಸ ಬೇಡ. ತಾನು ಸೇಲ್ಸ್‌ಮನ್, ಜನ ಮೆಚ್ಚಿದ ಸೇಲ್ಸ್‌ಮನ್ ಎಂಬ ನಂಬಿಕೆಯನ್ನು ಬಿಟ್ಟುಕೊಟ್ಟಿದ್ದರೆ ಅವನು ಬದುಕುತ್ತಿದ್ದ. ಬಿ.ಎಂ.ಶ್ರೀಯವರು ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಏಜಾಕ್ಸ್‌ನನ್ನು ಅಶ್ವತ್ಥಾಮನನ್ನಾಗಿ ಕನ್ನಡಕ್ಕೆ ತಂದರಲ್ಲ, ಆ ವೀರನ ಹಟಕ್ಕೂ ಈ ಹಟಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಒಬ್ಬನ ಕೈಯಲ್ಲಿ ಖಡ್ಗ, ಇನ್ನೊಬ್ಬನ ಕೈಯಲ್ಲಿ ಸ್ಯಾಂಪಲ್ ಪೆಟ್ಟಿಗೆ.

ಮಿಲ್ಲರ್ ಇದನ್ನು ಬಲ್ಲವನಾಗಿಯೇ ಬರೆದ. ಅವನ ಅಪ್ಪನ ಕೋಟು ತಯಾರಿಕೆಯ ವ್ಯಾಪಾರ 1929ರ ಷೇರುಪೇಟೆ ಕುಸಿತದೊಂದಿಗೆ ನೆಲಕಚ್ಚಿತ್ತು. 1949ರ ಫೆಬ್ರವರಿ 10ರಂದು ನ್ಯೂಯಾರ್ಕಿನ ಮೊರಾಸ್ಕೊ ಥಿಯೇಟರಿನಲ್ಲಿ ನಾಟಕ ರಂಗಕ್ಕೆ ಬಂತು. ಅದೇ ತಿಂಗಳ 27ರ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಅವನ ಲೇಖನವೂ ಬಂತು. ರಾಜನಷ್ಟೇ ಸಾಮಾನ್ಯನೂ ರುದ್ರನಾಟಕಕ್ಕೆ ತಕ್ಕವನು, ತನ್ನ ಘನತೆಯೊಂದನ್ನು ಉಳಿಸಿಕೊಳ್ಳಲು ಪ್ರಾಣವನ್ನೇ ಕೊಡಲು ಸಿದ್ಧನಾದವನನ್ನು ಕಂಡಾಗ ನಮ್ಮೊಳಗೆ ರುದ್ರನಾಟಕದ ಭಾವ ಏಳುತ್ತದೆ ಎಂಬುದು ಅವನ ವಾದ. 1983ರಲ್ಲಿ ಬೀಜಿಂಗ್‌ನಲ್ಲಿ ಚೀನೀ ನಟರೊಂದಿಗೆ ಈ ನಾಟಕವನ್ನು ತಾನೇ ನಿರ್ದೇಶಿಸಿದ. ಯಿಂಗ್ ರುವೊಚೆಂಗ್ ಅನುವಾದಿಸಿ, ವಿಲ್ಲಿಯ ಪಾತ್ರವನ್ನೂ ಮಾಡಿದರು. ಊರೂರು ತಿರುಗುವ ಸೇಲ್ಸ್‌ಮನ್ನನ್ನೇ ಕಾಣದ ಆ ನಗರದಲ್ಲೂ ನಾಟಕ ಗೆದ್ದಿತು. ಮಗನ ಮೇಲೆ ಆಸೆಯ ಭಾರ ಹೊರಿಸುವ ಅಪ್ಪ ಯಾವ ಊರಿನಲ್ಲಿಲ್ಲ?

ಬೀಳುವುದೆಲ್ಲಿಂದ ಎಂದು ಕೇಳಿದಿರಿ. ಕೊನೆಯ ಜಗಳದಲ್ಲಿ ಬಿಫ್, ನಮ್ಮಂಥವರು ಕಾಸಿಗೊಂದು ಡಜನ್ ಸಿಗುತ್ತಾರೆ, ನಾನೂ ಅಷ್ಟೆ, ನೀನೂ ಅಷ್ಟೆ ಎಂದು ಕೂಗುತ್ತಾನೆ. ಮುದುಕ ತಿರುಗಿ ಗರ್ಜಿಸುತ್ತಾನೆ: ನಾನಲ್ಲ, ನಾನು ವಿಲ್ಲಿ ಲೋಮನ್, ನೀನು ಬಿಫ್ ಲೋಮನ್! ಅವನು ಬೀಳುವುದು ಅಲ್ಲಿಂದ. ಮಗ ಹೇಳಿದ್ದು ಸತ್ಯ ಎಂದು ತಿಳಿದೂ ನನ್ನ ಮನಸ್ಸು ಪ್ರತಿಸಲ ಅಪ್ಪನ ಪಕ್ಕ ನಿಲ್ಲುತ್ತದೆ.

ನಿಮ್ಮನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಈಚೆಗೆ ಎಂ.ಎ. ವಿದ್ಯಾರ್ಥಿನಿಯೊಬ್ಬಳು ತೋರಿಸಿದ ಗೈಡಿನಲ್ಲಿ ಕೊಳಲಿಗೆ ಒಂದು ಅರ್ಥ, ಬೀಜಕ್ಕೆ ಒಂದು, ವಿಲ್ಲಿಯ ಅಣ್ಣ ಬೆನ್‌ನ ವಜ್ರಕ್ಕೆ ಒಂದು, ಹೀಗೆ ಪಟ್ಟಿಯಿತ್ತು. ಕೆಳಗೆ ದೊಡ್ಡಕ್ಷರದಲ್ಲಿ ‘ಅಮೆರಿಕನ್ ಕನಸಿನ ವೈಫಲ್ಯ’. ಅಷ್ಟು ಬರೆದರೆ ಅಂಕ ಬರುತ್ತದಂತೆ. ಗ್ಯಾಸ್ ಕುಡಿದು ಸಾಯಲೆಂದು ವಿಲ್ಲಿ ಬಚ್ಚಿಟ್ಟ ರಬ್ಬರ್ ಕೊಳವೆ ಫ್ಯೂಸ್ ಪೆಟ್ಟಿಗೆಯ ಹಿಂದೆ ಸಿಕ್ಕಿದ ಮೇಲೂ ಲಿಂಡಾ ಅದನ್ನು ದಿನವೂ ತೆಗೆದು, ಅವನು ಮನೆಗೆ ಬರುವ ಹೊತ್ತಿಗೆ ಮತ್ತೆ ಅಲ್ಲೇ ಇಡುತ್ತಾಳೆ, ಅವನಿಗೆ ಅವಮಾನವಾಗದಿರಲಿ ಎಂದು. ಇದನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ? ನಾಟಕವನ್ನು ನೋಡದೆ, ಗಟ್ಟಿಯಾಗಿ ಓದದೆ ಪಾಠ ಮಾಡುವ ನಮ್ಮ ಕಾಲೇಜುಗಳು, ಗೆದ್ದವರ ಕಥೆಯನ್ನಷ್ಟೇ ಅಚ್ಚುಹಾಕುವ ನಮ್ಮ ಪತ್ರಿಕೆಗಳು ಸೋತವನನ್ನು ನೋಡುವ ಕಣ್ಣನ್ನೇ ಕಸಿದುಕೊಂಡಿವೆ.

ಚಾರ್ಲಿಯ ಆಫೀಸಿನ ದೃಶ್ಯವನ್ನು ಮನೆಯಲ್ಲಿ ಯಾರನ್ನಾದರೂ ಎದುರು ಕೂರಿಸಿಕೊಂಡು ದನಿಯೆತ್ತಿ ಓದಿ. ವಿಲ್ಲಿಯ ಮಾತು ನಿಮ್ಮದಿರಲಿ. ಆಮೇಲೆ ಬರೆಯಿರಿ, ಒಪ್ಪದಿದ್ದರೂ ಪ್ರಕಟಿಸುತ್ತೇವೆ.